ಮಿದುಳಿನ ಬಣ್ಣದ ಚಿತ್ರ ನೋಡಿ ಮದ್ದು ಕೊಡಬಹುದೇ?

ಮನೋವೈದ್ಯರ ಕೊಠಡಿಗಳಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತೊಂದಿದೆ. ಮಗ ಆರು ತಿಂಗಳಿಂದ ಮಂಕಾಗಿದ್ದಾನೆ, ಊಟ ಸೇರುತ್ತಿಲ್ಲ, ಕಾಲೇಜಿಗೆ ಹೋಗುತ್ತಿಲ್ಲ. ವೈದ್ಯರು ಮುಕ್ಕಾಲು ಗಂಟೆ ಮಾತಾಡಿಸಿ, ಇದು ಖಿನ್ನತೆ ಎಂದು ತಿಳಿಸಿ, ಮಾತ್ರೆ ಬರೆದುಕೊಡುತ್ತಾರೆ. ಅಪ್ಪನಿಗೆ ಸಮಾಧಾನವಿಲ್ಲ. "ಬರೀ ಮಾತಾಡಿಸಿ ಹೇಗೆ ಹೇಳ್ತೀರಿ ಡಾಕ್ಟ್ರೇ? ತಲೆ ಸ್ಕ್ಯಾನ್ ಒಂದು ಮಾಡಿಸಿಬಿಡೋಣ, ಎಲ್ಲ ಗೊತ್ತಾಗುತ್ತಲ್ಲ?"

ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ಎದೆನೋವು ಬಂದರೆ ಇಸಿಜಿ, ಕೈ ಮುರಿದರೆ ಎಕ್ಸ್‌ರೇ, ಸುಸ್ತು ಎಂದರೆ ರಕ್ತ ಪರೀಕ್ಷೆ ಮಾಡಿಸಿ ಅಭ್ಯಾಸವಾದವರು ನಾವು. ಅದರ ಜೊತೆಗೆ ಪತ್ರಿಕೆ, ಟಿವಿ, ಯೂಟ್ಯೂಬ್‌ಗಳಲ್ಲಿ "ಖಿನ್ನತೆಯ ಮಿದುಳು", "ಪ್ರೀತಿಯಲ್ಲಿ ಬಿದ್ದವರ ಮಿದುಳು" ಎಂಬ ಹೆಸರಿನಲ್ಲಿ ಕೆಂಪು, ಹಳದಿ ಬಣ್ಣದ ಚಿತ್ರಗಳನ್ನು ನೋಡಿದ್ದೇವೆ. ಚಿತ್ರದಲ್ಲಿ ಕಾಣುವ ಕಾಯಿಲೆ ನಿಜವಾದದ್ದು, ಕಾಣದಿದ್ದರೆ ಅದು ಬರೀ ಮನಸ್ಸಿನ ಭ್ರಮೆ ಎಂಬ ನಂಬಿಕೆ ಹೀಗೆ ನಮ್ಮೊಳಗೆ ಕೂತುಬಿಟ್ಟಿದೆ.

ತೊಂದರೆ ಶುರುವಾಗುವುದು ವರದಿ ಬಂದ ಮೇಲೆ. "ನಾರ್ಮಲ್" ಎಂದು ಅಚ್ಚಾದ ಆ ಒಂದು ಪದ ಮನೆಯಲ್ಲಿ ತೀರ್ಪಿನಂತೆ ಓಡಾಡುತ್ತದೆ. "ಏನೂ ಇಲ್ವಂತೆ. ಎಲ್ಲ ಇವನ ನಾಟಕ." ಮಾತ್ರೆ ನಿಲ್ಲುತ್ತದೆ. ಕಾಯಿಲೆ ಮಾತ್ರ ನಿಲ್ಲುವುದಿಲ್ಲ.

ಹಾಗಾದರೆ ಮಿದುಳಿನ ಚಟುವಟಿಕೆಯನ್ನು ತೋರಿಸುವ ಸ್ಕ್ಯಾನುಗಳು ನಿಜವಾಗಿ ಯಾವ ಕೆಲಸಕ್ಕೆ ಬರುತ್ತವೆ? ಅವುಗಳನ್ನು ನೋಡಿ ಚಿಕಿತ್ಸೆ ನಿರ್ಧರಿಸಬಹುದೇ? ಕೆಲವು ಕಾಯಿಲೆಗಳಲ್ಲಿ ಖಂಡಿತ ಆಗುತ್ತದೆ, ಈಗಾಗಲೇ ಆಗುತ್ತಿದೆ. ಇನ್ನು ಕೆಲವುದರಲ್ಲಿ ಇನ್ನೂ ಆಗಿಲ್ಲ. ಯಾವುದರಲ್ಲಿ ಹೌದು, ಯಾವುದರಲ್ಲಿ ಇಲ್ಲ ಎಂಬುದನ್ನು ತಿಳಿದಿದ್ದರೆ ದುಡ್ಡೂ ಉಳಿಯುತ್ತದೆ, ಮನೆಯವರ ಬಗ್ಗೆ ತಪ್ಪು ತೀರ್ಪು ಕೊಡುವುದೂ ತಪ್ಪುತ್ತದೆ.

ರಚನೆಯ ಚಿತ್ರ ಬೇರೆ, ಕೆಲಸದ ಚಿತ್ರ ಬೇರೆ

ಮೊದಲು ಒಂದು ಗೊಂದಲ ಬಗೆಹರಿಸೋಣ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮಾಡುವ ಸಿಟಿ ಸ್ಕ್ಯಾನ್ ಮತ್ತು ಎಂಆರ್‌ಐ ಮಿದುಳಿನ ರಚನೆಯನ್ನು ತೋರಿಸುತ್ತವೆ. ಮನೆಯ ನಕ್ಷೆ ನೋಡಿದ ಹಾಗೆ. ಗೋಡೆ ಎಲ್ಲಿದೆ, ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ನೀರು ನಿಂತಿದೆ ಎಂದು ಗೊತ್ತಾಗುತ್ತದೆ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನಿಂದ ಸತ್ತ ಭಾಗ, ಸೋಂಕು ಇವೆಲ್ಲ ಕಾಣುತ್ತವೆ.

ಆದರೆ ಆ ಮನೆಯೊಳಗೆ ಯಾವ ಕೋಣೆಯಲ್ಲಿ ಈಗ ಕೆಲಸ ನಡೆಯುತ್ತಿದೆ ಎಂದು ನಕ್ಷೆ ಹೇಳುವುದಿಲ್ಲ. ಅದಕ್ಕೆ ಬೇರೆ ವಿಧಾನಗಳಿವೆ. ಅವುಗಳಲ್ಲಿ ಮುಖ್ಯವಾದವು ಮೂರು: ಎಫ್‌ಎಂಆರ್‌ಐ, ಪೆಟ್ ಸ್ಕ್ಯಾನ್ ಮತ್ತು ಸ್ಪೆಕ್ಟ್ ಸ್ಕ್ಯಾನ್. ಈ ಲೇಖನ ಈ ಮೂರರ ಬಗ್ಗೆ. ನಿಮ್ಮ ಚೀಟಿಯಲ್ಲಿ "ಎಂಆರ್‌ಐ ಬ್ರೈನ್" ಎಂದಿದ್ದರೆ ಅದು ಬಹುತೇಕ ರಚನೆಯ ಚಿತ್ರವೇ ಹೊರತು ಬಣ್ಣದ ಚಟುವಟಿಕೆಯ ಚಿತ್ರವಲ್ಲ.

ರಕ್ತ ಹೇಳುವ ಸುದ್ದಿ

1920ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಹೆಸರಾಂತ ಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ಅವರ ಬಳಿಗೆ ಒಬ್ಬ ರೋಗಿ ಬಂದ. ತಲೆಯ ಹಿಂಭಾಗದಲ್ಲಿ ಸದಾ ಒಂದು ಸದ್ದು ಕೇಳುತ್ತದೆ ಎಂಬುದು ಅವನ ದೂರು. ದೃಷ್ಟಿಯನ್ನು ನೋಡಿಕೊಳ್ಳುವ ಮಿದುಳಿನ ಭಾಗದ ಮೇಲೆ ರಕ್ತನಾಳಗಳ ಗಂಟೊಂದು ಬೆಳೆದಿತ್ತು. ಸ್ಟೆತೊಸ್ಕೋಪ್ ಇಟ್ಟರೆ ವೈದ್ಯರಿಗೂ ಆ ಸದ್ದು ಕೇಳುತ್ತಿತ್ತು. ವಿಚಿತ್ರವೆಂದರೆ, ಆತ ಪತ್ರಿಕೆ ಓದತೊಡಗಿದರೆ ಸದ್ದು ಜೋರಾಗುತ್ತಿತ್ತು. ಕಣ್ಣಿಗೆ ವಿಶ್ರಾಂತಿ ಕೊಟ್ಟರೆ ತಗ್ಗುತ್ತಿತ್ತು. ವಾಸನೆ ನೋಡಿದರೆ ಏನೂ ವ್ಯತ್ಯಾಸವಿರಲಿಲ್ಲ. ಜಾನ್ ಫುಲ್ಟನ್ ಎಂಬ ವೈದ್ಯವಿಜ್ಞಾನಿ ಇದನ್ನು 1928ರಲ್ಲಿ ದಾಖಲಿಸಿದರು. ಮಿದುಳಿನ ಯಾವ ಭಾಗ ದುಡಿಯುತ್ತದೋ ಆ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತದೆ ಎಂಬುದಕ್ಕೆ ಅದು ಕಿವಿಗೇ ಕೇಳುವ ಪುರಾವೆಯಾಗಿತ್ತು.

ಇಂದಿನ ಎಫ್‌ಎಂಆರ್‌ಐ ಇದೇ ತತ್ವದ ಮೇಲೆ ನಿಂತಿದೆ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹೊತ್ತಾಗ ಆಯಸ್ಕಾಂತಕ್ಕೆ ಒಂದು ರೀತಿ, ಬಿಟ್ಟಮೇಲೆ ಇನ್ನೊಂದು ರೀತಿ ಸ್ಪಂದಿಸುತ್ತದೆ. ಈ ಸಣ್ಣ ವ್ಯತ್ಯಾಸವನ್ನು ಎಂಆರ್‌ಐ ಯಂತ್ರ ಹಿಡಿಯಬಲ್ಲದು ಎಂದು 1990ರಲ್ಲಿ ಸೇಜಿ ಒಗಾವಾ ಮತ್ತು ಸಂಗಡಿಗರು ಅಮೆರಿಕದ ಬೆಲ್ ಲ್ಯಾಬೊರೇಟರೀಸ್‌ನಲ್ಲಿ ತೋರಿಸಿದರು. ಎರಡೇ ವರ್ಷದಲ್ಲಿ ಮನುಷ್ಯರ ಮಿದುಳಿನ ಮೇಲೆ ಈ ವಿಧಾನ ಬಳಕೆಗೆ ಬಂತು. ಇದರಲ್ಲಿ ಸೂಜಿಯಿಲ್ಲ, ವಿಕಿರಣವಿಲ್ಲ.

ಪೆಟ್ ಸ್ಕ್ಯಾನಿನ ದಾರಿ ಬೇರೆ. ನಮ್ಮ ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ 2ರಷ್ಟು ಮಾತ್ರ. ಆದರೆ ದೇಹ ವಿಶ್ರಾಂತಿಯಲ್ಲಿದ್ದಾಗ ಬಳಸುವ ಶಕ್ತಿಯಲ್ಲಿ ಸುಮಾರು ಶೇ 20 ಅದಕ್ಕೇ ಹೋಗುತ್ತದೆ. ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಗ್ಲೂಕೋಸನ್ನೇ ಹೋಲುವ, ಅಲ್ಪ ವಿಕಿರಣ ಸೂಸುವ ಒಂದು ವಸ್ತುವನ್ನು ರಕ್ತಕ್ಕೆ ಸೇರಿಸಿದರೆ ಅದು ಮಿದುಳಿಗೆ ಹೋಗಿ, ಹೆಚ್ಚು ಇಂಧನ ಬಳಸುವ ಕಡೆ ಹೆಚ್ಚು ಸೇರುತ್ತದೆ. ಇಂಧನವನ್ನೇ ಬಳಸದ ಭಾಗ ಚಿತ್ರದಲ್ಲಿ ಮಂಕಾಗಿ ಉಳಿಯುತ್ತದೆ. ಈ ವಸ್ತುವಿನ ವಿಕಿರಣ ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕೆ ಇಳಿಯುವುದರಿಂದ ಅದನ್ನು ತಯಾರಿಸುವ ಘಟಕ ಆಸ್ಪತ್ರೆಯಿಂದ ತೀರಾ ದೂರವಿರುವಂತಿಲ್ಲ. ಪೆಟ್ ಸ್ಕ್ಯಾನ್ ದುಬಾರಿಯಾಗಲು, ದೊಡ್ಡ ಊರುಗಳಲ್ಲೇ ಹೆಚ್ಚಾಗಿ ಸಿಗಲು ಇದೂ ಒಂದು ಕಾರಣ. ಸ್ಪೆಕ್ಟ್ ಕೂಡ ಇಂಥದೇ, ಬಳಸುವ ವಸ್ತು ಮತ್ತು ಯಂತ್ರ ಬೇರೆ.

ಬಣ್ಣ ಎಲ್ಲಿಂದ ಬಂತು?

ಎಫ್‌ಎಂಆರ್‌ಐ ಚಿತ್ರದ ಕೆಂಪು, ಹಳದಿ ಬಣ್ಣಗಳು ಮಿದುಳಿನಲ್ಲಿಲ್ಲ. ಅವು ಲೆಕ್ಕಾಚಾರದ ಕೊನೆಗೆ ಕಂಪ್ಯೂಟರ್ ಬಳಿಯುವ ಬಣ್ಣ. ಯಂತ್ರ ಮಿದುಳನ್ನು ಎರಡು ಮೂರು ಮಿಲಿಮೀಟರ್ ಅಗಲದ ಸಾವಿರಾರು ಪುಟ್ಟ ಘನಗಳಾಗಿ ವಿಂಗಡಿಸಿಕೊಳ್ಳುತ್ತದೆ. ಅಂಥ ಒಂದು ಘನದೊಳಗೇ ಲಕ್ಷಗಟ್ಟಲೆ ನರಕೋಶಗಳಿರುತ್ತವೆ. ಬೆರಳು ಆಡಿಸುವಾಗ ಮತ್ತು ಸುಮ್ಮನಿರುವಾಗ ಪ್ರತಿ ಘನದ ಸಂಕೇತ ಎಷ್ಟು ಬದಲಾಯಿತು ಎಂದು ಲೆಕ್ಕ ಹಾಕುತ್ತಾರೆ. ಬದಲಾವಣೆ ಸಾಮಾನ್ಯವಾಗಿ ನೂರಕ್ಕೆ ಒಂದೋ ಎರಡೋ ಪಾಲು. ನಿಗದಿತ ಮಿತಿ ದಾಟಿದ ಘನಗಳಿಗೆ ಮಾತ್ರ ಬಣ್ಣ ಬೀಳುತ್ತದೆ. ಮಿತಿಯನ್ನು ಸ್ವಲ್ಪ ಇಳಿಸಿದರೆ ಬಣ್ಣ ಹರಡುತ್ತದೆ, ಏರಿಸಿದರೆ ಮಾಯವಾಗುತ್ತದೆ.

ಬಣ್ಣವಿಲ್ಲದ ಭಾಗ ಕೆಲಸ ಮಾಡುತ್ತಿಲ್ಲ ಎಂದೂ ಅಲ್ಲ. "ನಾವು ಮಿದುಳಿನ ಶೇ 10ರಷ್ಟನ್ನು ಮಾತ್ರ ಬಳಸುತ್ತೇವೆ" ಎಂಬ ಜನಪ್ರಿಯ ಸುಳ್ಳಿಗೆ ಇಂಥ ಚಿತ್ರಗಳನ್ನೇ ಸಾಕ್ಷಿಯಾಗಿ ತೋರಿಸುವವರಿದ್ದಾರೆ. ಮಿದುಳು ಪೂರ್ತಿಯಾಗಿ ಸದಾ ದುಡಿಯುತ್ತಲೇ ಇರುತ್ತದೆ. ಬಣ್ಣ ತೋರಿಸುವುದು ಆ ದುಡಿಮೆಯ ಮೇಲಿನ ಚೂರು ಏರಿಕೆಯನ್ನು ಮಾತ್ರ.

ಲೆಕ್ಕದಲ್ಲಿ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ತಮಾಷೆಯಾಗಿ ತೋರಿಸಿಕೊಟ್ಟರು. ಅವರು ಸ್ಕ್ಯಾನರಿನೊಳಗೆ ಸತ್ತ ಸಾಲ್ಮನ್ ಮೀನೊಂದನ್ನು ಇಟ್ಟು, ಅದಕ್ಕೆ ಮನುಷ್ಯರ ಫೋಟೋಗಳನ್ನು ತೋರಿಸಿ, ಅವರ ಭಾವನೆ ಏನೆಂದು "ಕೇಳಿದರು". ಸಾವಿರಾರು ಘನಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬೇಕೆಂದೇ ಬಿಟ್ಟು ಲೆಕ್ಕ ಹಾಕಿದಾಗ, ಸತ್ತ ಮೀನಿನ ಮಿದುಳಿನಲ್ಲೂ ಕೆಂಪು ಚುಕ್ಕೆ ಬೆಳಗಿತು! ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಬಹುಮಾನವೂ ಸಿಕ್ಕಿತು. ಎಫ್‌ಎಂಆರ್‌ಐ ಸುಳ್ಳು ಎಂಬುದು ಇದರ ಪಾಠವಲ್ಲ. ಚಿತ್ರದ ಹಿಂದೆ ಲೆಕ್ಕವಿದೆ, ಲೆಕ್ಕ ಸರಿಯಿದ್ದರೆ ಮಾತ್ರ ಚಿತ್ರ ಸರಿ ಎಂಬುದು ಪಾಠ.

ಎಲ್ಲಿ ನಿಜಕ್ಕೂ ದಾರಿ ತೋರುತ್ತದೆ: ಶಸ್ತ್ರಚಿಕಿತ್ಸೆಗೆ ಮುನ್ನ

ಮೂರ್ಛೆರೋಗ, ಅಂದರೆ ನಾವು ಫಿಟ್ಸ್ ಎನ್ನುವ ಕಾಯಿಲೆ, ಸರಿಯಾದ ಔಷಧಿಯಿಂದ ನೂರಕ್ಕೆ ಎಪ್ಪತ್ತು ಮಂದಿಯಲ್ಲಿ ಹತೋಟಿಗೆ ಬರಬಲ್ಲದು. ಉಳಿದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆ ದಾರಿಯಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಂಥ ಕಡೆ ಇಂಥ ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಅಲ್ಲಿ ವೈದ್ಯರ ಮುಂದಿರುವ ಮೊದಲ ಪ್ರಶ್ನೆ: ಫಿಟ್ಸ್ ಹುಟ್ಟುವುದು ಮಿದುಳಿನ ಯಾವ ಜಾಗದಲ್ಲಿ?

ಕೆಲವರ ಎಂಆರ್‌ಐಯಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ಆಗ ಪೆಟ್ ನೆರವಿಗೆ ಬರುತ್ತದೆ. ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಆ ಕೆಟ್ಟ ಭಾಗ ಸುತ್ತಲಿನ ಭಾಗಕ್ಕಿಂತ ಕಡಿಮೆ ಇಂಧನ ಬಳಸುವುದರಿಂದ ಚಿತ್ರದಲ್ಲಿ ಮಂಕಾಗಿ ಕಾಣಬಹುದು. ಸ್ಪೆಕ್ಟ್ ಇನ್ನೂ ಜಾಣತನದ ಉಪಾಯ. ರೋಗಿಯನ್ನು ಆಸ್ಪತ್ರೆಯಲ್ಲಿ ಕ್ಯಾಮೆರಾ ಮತ್ತು ಇಇಜಿ ನಿಗಾದಲ್ಲಿ ಇಟ್ಟಿರುತ್ತಾರೆ. ಫಿಟ್ಸ್ ಶುರುವಾದ ಕೆಲವೇ ಸೆಕೆಂಡುಗಳಲ್ಲಿ ರಕ್ತನಾಳಕ್ಕೆ ಇಂಜೆಕ್ಷನ್ ಕೊಡುತ್ತಾರೆ. ಆ ವಸ್ತು ಆಗ ರಕ್ತ ಹೆಚ್ಚು ಹರಿಯುತ್ತಿದ್ದ ಜಾಗದಲ್ಲಿ ಹೆಚ್ಚಾಗಿ ಸೇರಿ, ಗಂಟೆಗಟ್ಟಲೆ ಅಲ್ಲೇ ಅಂಟಿಕೊಂಡಿರುತ್ತದೆ. ಫಿಟ್ಸ್ ನಿಂತು ರೋಗಿ ಸುಧಾರಿಸಿಕೊಂಡ ಮೇಲೆ ಸ್ಕ್ಯಾನ್ ಮಾಡಿದರೂ ಆ ಕ್ಷಣದ ಗುರುತು ಹಾಗೇ ಸಿಗುತ್ತದೆ.

ಎರಡನೆಯ ಪ್ರಶ್ನೆ: ತೆಗೆಯಬೇಕಾದ ಭಾಗದ ಪಕ್ಕದಲ್ಲಿ ಮಾತಿನ ಕೇಂದ್ರವಿದೆಯೇ, ಕೈಕಾಲು ಆಡಿಸುವ ಕೇಂದ್ರವಿದೆಯೇ? ಮಿದುಳಿನ ಗಡ್ಡೆ ತೆಗೆಯುವಾಗಲೂ ಇದೇ ಪ್ರಶ್ನೆ. ಗಡ್ಡೆ ಪೂರ್ತಿ ಹೋಯಿತು, ಮಾತೂ ಹೋಯಿತು ಎಂದಾಗಬಾರದಲ್ಲ! ಬಲಗೈ ಬಳಸುವ ಬಹುತೇಕರಲ್ಲಿ ಮಾತಿನ ಕೇಂದ್ರ ಮಿದುಳಿನ ಎಡಭಾಗದಲ್ಲಿರುತ್ತದೆ, ಎಲ್ಲರಲ್ಲೂ ಅಲ್ಲ. ಹಿಂದೆ ಇದನ್ನು ತಿಳಿಯಲು ಕತ್ತಿನ ರಕ್ತನಾಳದ ಮೂಲಕ ಔಷಧಿ ಕೊಟ್ಟು ಅರ್ಧ ಮಿದುಳನ್ನು ಕೆಲವು ನಿಮಿಷ ಮಂಪರಿಗೆ ತಳ್ಳಿ, ರೋಗಿ ಮಾತಾಡಬಲ್ಲನೇ ಎಂದು ನೋಡುತ್ತಿದ್ದರು. ಜುನ್ ವಾಡಾ ಎಂಬ ವೈದ್ಯರು 1949ರಲ್ಲಿ ವರದಿ ಮಾಡಿದ ಈ ಪರೀಕ್ಷೆಯಲ್ಲಿ ಸಣ್ಣದಾದರೂ ಅಪಾಯವಿದೆ. ಅನೇಕ ರೋಗಿಗಳಲ್ಲಿ ಅದರ ಬದಲು ಎಫ್‌ಎಂಆರ್‌ಐ ಬಳಸಬಹುದು ಎಂದು ಅಮೆರಿಕದ ನರವೈದ್ಯರ ಸಂಘ 2017ರಲ್ಲಿ ಮಾರ್ಗಸೂಚಿ ಕೊಟ್ಟಿತು. "ಕ ಅಕ್ಷರದಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ಹೇಳಿಕೊಳ್ಳಿ" ಎಂಬಂಥ ಕೆಲಸ ಕೊಟ್ಟು ಯಾವ ಭಾಗ ಚುರುಕಾಗುತ್ತದೆ ಎಂದು ನೋಡುತ್ತಾರೆ. ಹೀಗಾಗಿ ರೋಗಿ ದಿನನಿತ್ಯ ಆಡುವ ಭಾಷೆಯಲ್ಲೇ ಈ ಪರೀಕ್ಷೆ ಆಗುವುದು ಒಳ್ಳೆಯದು. ಕನ್ನಡದಲ್ಲೇ ಬದುಕುವವರಿಗೆ ಇಂಗ್ಲಿಷ್ ಪದ ಕೊಟ್ಟರೆ ನಕ್ಷೆ ಸರಿಯಾಗಿ ಸಿಗಲಾರದು.

ಇಲ್ಲಿಯೂ ಚಿತ್ರವೇ ಕೊನೆಯ ಮಾತಲ್ಲ. ಒಂದು ಕೆಲಸದಲ್ಲಿ ಪಾಲ್ಗೊಳ್ಳುವ ಭಾಗಗಳನ್ನೆಲ್ಲ ಎಫ್‌ಎಂಆರ್‌ಐ ತೋರಿಸುತ್ತದೆ. ಅವುಗಳಲ್ಲಿ ಯಾವುದು ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತದೆ ಎಂದು ಹೇಳುವುದಿಲ್ಲ. ಗಡ್ಡೆ ಸುತ್ತಲಿನ ರಕ್ತನಾಳಗಳನ್ನು ಕೆಡಿಸಿದ್ದರೆ, ಕೆಲಸ ಮಾಡುತ್ತಿರುವ ಭಾಗವೂ ಸುಮ್ಮನಿರುವಂತೆ ಕಾಣಬಹುದು. ಆದ್ದರಿಂದಲೇ ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರೋಗಿಯನ್ನು ಎಚ್ಚರವಿಟ್ಟು, ಮಾತಾಡಿಸುತ್ತಲೇ, ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ಖಚಿತಪಡಿಸಿಕೊಳ್ಳುತ್ತಾರೆ.

ನಡುಕ ಮತ್ತು ಮರೆವು

ವಯಸ್ಸಾದವರಿಗೆ ಕೈನಡುಕ ಬಂದರೆ ಅದು ಪಾರ್ಕಿನ್‌ಸನ್ ಕಾಯಿಲೆಯೇ ಎಂಬ ಭಯ ಸಹಜ. ಬೇರೆ ಬಗೆಯ ನಡುಕಗಳೂ ಇವೆ, ಅವುಗಳ ಔಷಧಿಯೂ ಬೇರೆ. ಪಾರ್ಕಿನ್‌ಸನ್‌ನಲ್ಲಿ ಮಿದುಳಿನ ಆಳದಲ್ಲಿರುವ ಡೋಪಮಿನ್ ನರಗಳ ತುದಿಗಳು ನಶಿಸುತ್ತವೆ. ಆ ತುದಿಗಳಿಗೆ ಅಂಟುವ ವಸ್ತುವನ್ನು ಕೊಟ್ಟು ಸ್ಪೆಕ್ಟ್ ಮಾಡಿದರೆ, ಆರೋಗ್ಯವಂತರಲ್ಲಿ ಅಲ್ಪವಿರಾಮ ಚಿಹ್ನೆಯಂಥ ಎರಡು ಆಕಾರ ಕಾಣುತ್ತದೆ. ಪಾರ್ಕಿನ್‌ಸನ್‌ನಲ್ಲಿ ಬಾಲ ಅಳಿಸಿಹೋಗಿ ಚುಕ್ಕೆಯಷ್ಟೇ ಉಳಿಯುತ್ತದೆ. ನಮ್ಮಲ್ಲಿ ಇದಕ್ಕೆ ಟ್ರೊಡಾಟ್ ಸ್ಕ್ಯಾನ್ ಬಳಕೆಯಲ್ಲಿದೆ.

ಇದರಿಂದ ಚಿಕಿತ್ಸೆ ಹೇಗೆ ಬದಲಾಗುತ್ತದೆ ನೋಡಿ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಅರೆತಲೆನೋವಿಗೆ ಕೊಡುವ ಫ್ಲುನರಿಜಿನ್, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳು ಪಾರ್ಕಿನ್‌ಸನ್ನನ್ನೇ ಹೋಲುವ ನಡುಕ, ಬಿಗಿತ ತರಬಲ್ಲವು. ಆಗ ಈ ಸ್ಕ್ಯಾನ್ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಹೊಸ ಮಾತ್ರೆ ಸೇರಿಸುವ ಬದಲು, ಇರುವ ಮಾತ್ರೆಯನ್ನು ಕಡಿಮೆ ಮಾಡುವುದೋ ಬದಲಿಸುವುದೋ ಸೂಕ್ತ ಎಂದು ವೈದ್ಯರಿಗೆ ತಿಳಿಯುತ್ತದೆ. ಹಾಗೆಂದು ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಇನ್ನು ಲಕ್ಷಣಗಳು ಸ್ಪಷ್ಟವಾಗಿ ಪಾರ್ಕಿನ್‌ಸನ್ನಿನವೇ ಆಗಿದ್ದರೆ ಈ ಸ್ಕ್ಯಾನಿನ ಅಗತ್ಯವೇ ಇರುವುದಿಲ್ಲ.

ಮರೆವಿನ ಕಾಯಿಲೆಗಳಲ್ಲೂ ಹೀಗೆಯೇ. ಆಲ್ಝೈಮರ್ಸ್‌ನಲ್ಲಿ ಗ್ಲೂಕೋಸ್ ಬಳಕೆ ಮಿದುಳಿನ ಹಿಂಬದಿ ಮತ್ತು ಪಕ್ಕದ ಭಾಗಗಳಲ್ಲಿ ಕುಗ್ಗುತ್ತದೆ. ಮುಂಭಾಗದ ಮಿದುಳು ಸವೆಯುವ ಇನ್ನೊಂದು ಬಗೆಯ ಡಿಮೆನ್ಷಿಯಾದಲ್ಲಿ ಹಣೆಯ ಹಿಂದಿನ ಭಾಗ ಮಂಕಾಗುತ್ತದೆ. ಈ ಎರಡನೆಯದರಲ್ಲಿ ಮೊದಲು ಕೆಡುವುದು ನೆನಪಲ್ಲ, ನಡವಳಿಕೆ. ಆಲ್ಝೈಮರ್ಸ್‌ಗೆ ಕೊಡುವ ಡೊನೆಪೆಜಿಲ್‌ನಂಥ ಮಾತ್ರೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಕೆಲವರಲ್ಲಿ ಕಿರಿಕಿರಿಯನ್ನು ಹೆಚ್ಚಿಸಲೂಬಹುದು. ಎರಡರ ನಡುವೆ ಗೊಂದಲವಿದ್ದಾಗ ಪೆಟ್ ಮಾಡಿಸಿದರೆ ಅದರ ವೆಚ್ಚ ಭರಿಸಲು ಅಮೆರಿಕದ ಸರ್ಕಾರಿ ವಿಮೆ 2004ರಲ್ಲೇ ಒಪ್ಪಿತು.

ಮಾತಾಡದವರ ಉತ್ತರ

2005ರಲ್ಲಿ ಅಪಘಾತಕ್ಕೀಡಾದ 23 ವರ್ಷದ ಯುವತಿಯೊಬ್ಬಳು ಬ್ರಿಟನ್ನಿನ ಆಸ್ಪತ್ರೆಯಲ್ಲಿ ಕಣ್ಣು ತೆರೆದಿದ್ದರೂ ಯಾವ ಮಾತಿಗೂ ಸ್ಪಂದಿಸದ ಸ್ಥಿತಿಯಲ್ಲಿದ್ದಳು. ಏಡ್ರಿಯನ್ ಓವೆನ್ ಮತ್ತು ಸಂಗಡಿಗರು ಅವಳನ್ನು ಎಫ್‌ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, "ಟೆನಿಸ್ ಆಡುತ್ತಿರುವಂತೆ ಕಲ್ಪಿಸಿಕೊ", "ನಿನ್ನ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊ" ಎಂದರು. ಆರೋಗ್ಯವಂತರು ಹಾಗೆ ಕಲ್ಪಿಸಿಕೊಂಡಾಗ ಚುರುಕಾಗುವ ಭಾಗಗಳೇ ಅವಳಲ್ಲೂ ಚುರುಕಾದವು. 2006ರಲ್ಲಿ ಇದು ಪ್ರಕಟವಾದಾಗ ಜಗತ್ತು ಬೆರಗಾಯಿತು. ದೇಹ ಸುಮ್ಮನಿದ್ದರೂ ಒಳಗೆ ಕೇಳಿಸಿಕೊಳ್ಳುವ ಒಬ್ಬರು ಇರಬಹುದು!

2024ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಪ್ರಕಟಿಸಿದ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಹೊರಗೆ ಯಾವ ಪ್ರತಿಕ್ರಿಯೆಯನ್ನೂ ತೋರದ 241 ಮಂದಿಯಲ್ಲಿ 60 ಮಂದಿಯ ಮಿದುಳು ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ ಸ್ಪಂದಿಸಿತು. ಅಂದರೆ ನಾಲ್ವರಲ್ಲಿ ಒಬ್ಬರು. ಆರೈಕೆ ಮುಂದುವರಿಸಬೇಕೇ, ಪಕ್ಕದಲ್ಲಿ ಕೂತು ಏನು ಮಾತಾಡಬೇಕು ಎಂದು ಯೋಚಿಸುವ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೋಡಬೇಕು. ಕರೆದರೆ, ಹೇಳಿದರೆ ಕಣ್ಣೆದುರೇ ಸ್ಪಂದಿಸುತ್ತಿದ್ದ 112 ಮಂದಿಯಲ್ಲಿ ಈ ಪರೀಕ್ಷೆಗಳಿಗೆ ಸ್ಪಂದಿಸಿದವರು 43 ಮಂದಿ ಮಾತ್ರ. ಅಂದರೆ ಪ್ರಜ್ಞೆ ಇದ್ದವರಲ್ಲೂ ಹೆಚ್ಚಿನವರನ್ನು ಪರೀಕ್ಷೆ ಹಿಡಿಯಲಿಲ್ಲ. ಸ್ಕ್ಯಾನಿನಲ್ಲಿ ಕಂಡರೆ ಇದೆ ಎನ್ನಬಹುದು. ಕಾಣದಿದ್ದರೆ ಇಲ್ಲ ಎನ್ನುವಂತಿಲ್ಲ.

ಖಿನ್ನತೆಯಲ್ಲಿ ಯಾಕೆ ಆಗುತ್ತಿಲ್ಲ?

ಈಗ ಮೊದಲಿನ ಅಪ್ಪನ ಪ್ರಶ್ನೆಗೆ ಬರೋಣ. ಖಿನ್ನತೆ, ಗೀಳು, ಸ್ಕಿಜೋಫ್ರೇನಿಯಾಗಳಲ್ಲಿ ಮಿದುಳಿನ ಚಟುವಟಿಕೆ ಬದಲಾಗುತ್ತದೆ ಎಂದು ನೂರಾರು ಅಧ್ಯಯನಗಳು ಹೇಳಿವೆಯಲ್ಲ? ಹೇಳಿವೆ. ಆದರೆ ಅವು ಹೇಳುವುದು ಗುಂಪಿನ ಸರಾಸರಿಯ ಬಗ್ಗೆ.

ಎರಡು ತಾಲ್ಲೂಕುಗಳ ಗಂಡಸರ ಎತ್ತರ ಅಳೆದು, ಒಂದರ ಸರಾಸರಿ ಇನ್ನೊಂದಕ್ಕಿಂತ ಅರ್ಧ ಸೆಂಟಿಮೀಟರ್ ಹೆಚ್ಚಿದೆ ಎಂದು ಕಂಡುಹಿಡಿದಿರಿ ಎಂದುಕೊಳ್ಳಿ. ಅಳತೆ ನಿಜವೇ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಒಬ್ಬನ ಎತ್ತರ ನೋಡಿ ಅವನು ಯಾವ ತಾಲ್ಲೂಕಿನವನು ಎಂದು ಹೇಳಲು ಸಾಧ್ಯವೇ? ಖಿನ್ನತೆಯ ಸ್ಕ್ಯಾನುಗಳ ಕಥೆಯೂ ಇದೇ. 2022ರಲ್ಲಿ ಜರ್ಮನಿಯ ಸಂಶೋಧಕರು ಖಿನ್ನತೆ ಇರುವ ಮತ್ತು ಇಲ್ಲದ 1809 ಮಂದಿಯ ಮಿದುಳಿನ ಮಾಹಿತಿಯನ್ನು ಹೋಲಿಸಿದರು. ಹೆಚ್ಚು ವ್ಯತ್ಯಾಸ ಕಂಡ ಅಳತೆಗಳಲ್ಲೂ ಎರಡು ಗುಂಪುಗಳು ಶೇ 87ರಿಂದ 95ರಷ್ಟು ಒಂದರ ಮೇಲೊಂದು ಕೂತಿದ್ದವು. ಅಂಥ ಅಳತೆಯೊಂದನ್ನು ನೋಡಿ ಯಾರಿಗೆ ಖಿನ್ನತೆ ಇದೆ ಎಂದು ಊಹಿಸಿದರೆ ನೂರಕ್ಕೆ 54ರಿಂದ 56 ಸಲ ಸರಿಯಾಗುತ್ತಿತ್ತು. ನಾಣ್ಯ ಚಿಮ್ಮಿದರೂ 50 ಸಲ ಸರಿಯಾಗುತ್ತದೆ!

ಇದಕ್ಕೆ ಒಂದು ಕಾರಣ ಅಳತೆಯಲ್ಲಿದೆ. ಒಬ್ಬರನ್ನೇ ಬೇರೆ ಬೇರೆ ದಿನ ಸ್ಕ್ಯಾನ್ ಮಾಡಿದರೆ ಚಟುವಟಿಕೆಯ ಅಳತೆ ಸಾಕಷ್ಟು ಏರುಪೇರಾಗುತ್ತದೆ. ನಿದ್ದೆ, ಕಾಫಿ, ಯಂತ್ರದೊಳಗಿನ ಭಯ, ತಲೆಯ ಸಣ್ಣ ಅಲುಗಾಟ ಎಲ್ಲವೂ ಅದರಲ್ಲಿ ಬೆರೆಯುತ್ತವೆ. ಲೆಕ್ಕ ಹಾಕುವ ರೀತಿಯೂ ಒಂದೇ ಇಲ್ಲ. ಒಂದೇ ಎಫ್‌ಎಂಆರ್‌ಐ ಮಾಹಿತಿಯನ್ನು 70 ತಂಡಗಳಿಗೆ ಕೊಟ್ಟಾಗ ಯಾವ ಎರಡು ತಂಡಗಳೂ ಒಂದೇ ರೀತಿ ವಿಶ್ಲೇಷಿಸಲಿಲ್ಲ, ತೀರ್ಮಾನಗಳಲ್ಲೂ ಭಿನ್ನತೆ ಬಂತು ಎಂದು 2020ರ ಅಧ್ಯಯನವೊಂದು ತೋರಿಸಿದೆ.

ಇನ್ನೊಂದು ಕಾರಣ ಕಾಯಿಲೆಯ ಹೆಸರಿನಲ್ಲೇ ಇದೆ. ನಿದ್ದೆ ಬಾರದೆ ಒದ್ದಾಡುವವರೂ, ಇಡೀ ದಿನ ನಿದ್ದೆ ಮಾಡುವವರೂ "ಖಿನ್ನತೆ" ಎಂಬ ಒಂದೇ ಹೆಸರಿನಡಿ ಬರುತ್ತಾರೆ. ಜ್ವರ ಎಂಬ ಹೆಸರಿನಡಿ ಮಲೇರಿಯಾ, ಡೆಂಗಿ, ಟೈಫಾಯ್ಡ್ ಎಲ್ಲ ಬಂದಂತೆ. ಹೆಸರು ಒಂದೇ ಆದರೂ ಮಿದುಳಿನಲ್ಲಿ ಆಗಿರುವುದು ಒಂದೇ ಆಗಿರಬೇಕಿಲ್ಲ.

ಮನೋರೋಗ ಪತ್ತೆಗೆ ಇಂಥ ಸ್ಕ್ಯಾನುಗಳು ಇನ್ನೂ ಸಿದ್ಧವಾಗಿಲ್ಲ ಎಂದು ಅಮೆರಿಕದ ಮನೋವೈದ್ಯರ ಸಂಘದ ತಜ್ಞರೂ ವರದಿ ಕೊಟ್ಟಿದ್ದಾರೆ. ಹೀಗಿದ್ದೂ ಅದೇ ದೇಶದಲ್ಲಿ ಸ್ಪೆಕ್ಟ್ ಚಿತ್ರ ತೋರಿಸಿ ಖಿನ್ನತೆ, ಆತಂಕ, ಎಡಿಎಚ್‌ಡಿಗಳ "ಬಗೆ" ಹೇಳುವ ಖಾಸಗಿ ಕ್ಲಿನಿಕ್‌ಗಳಿವೆ.

ಭರವಸೆ ಇರುವ ಕಡೆ

ಹಾಗೆಂದು ಈ ದಾರಿ ಮುಚ್ಚಿಲ್ಲ. ಖಿನ್ನತೆಯ ರೋಗಿಗೆ ಮಾತ್ರೆ ಹೆಚ್ಚು ಫಲ ಕೊಟ್ಟೀತೇ, ಮಾತಿನ ಚಿಕಿತ್ಸೆಯೇ ಎಂದು ಚಿಕಿತ್ಸೆಗೆ ಮುನ್ನವೇ ಪೆಟ್ ಚಿತ್ರದಿಂದ ಹೇಳಬಹುದೇನೋ ಎಂದು 2013ರಲ್ಲಿ ಹೆಲೆನ್ ಮೇಬರ್ಗ್ ಅವರ ತಂಡ ತೋರಿಸಿತು. ಅಧ್ಯಯನ ಸಣ್ಣದು. ಅದಿನ್ನೂ ಆಸ್ಪತ್ರೆಯ ದಿನಬಳಕೆಗೆ ಬಂದಿಲ್ಲ.

ಹೆಚ್ಚು ಮುಂದೆ ಹೋಗಿರುವುದು ಟಿಎಂಎಸ್ ಎಂಬ ಚಿಕಿತ್ಸೆ. ಇದರಲ್ಲಿ ತಲೆಯ ಹೊರಗಿನಿಂದಲೇ ಆಯಸ್ಕಾಂತದ ಮಿಡಿತಗಳನ್ನು ಹಣೆಯ ಹಿಂದಿನ ಭಾಗಕ್ಕೆ ಕಳಿಸುತ್ತಾರೆ. ಮಾತ್ರೆಗಳಿಗೆ ಬಗ್ಗದ ಖಿನ್ನತೆಗೆ ನಮ್ಮ ದೇಶದಲ್ಲೂ ಇದು ಲಭ್ಯವಿದೆ. ಎಲ್ಲಿಗೆ ಗುರಿಯಿಡಬೇಕು? ಹಿಂದೆ ಹೆಬ್ಬೆರಳನ್ನು ಆಡಿಸುವ ಬಿಂದುವಿನಿಂದ ಐದು ಸೆಂಟಿಮೀಟರ್ ಮುಂದಕ್ಕೆ ಎಂದು ಅಳೆಯುತ್ತಿದ್ದರು. ಎಲ್ಲರ ತಲೆಯೂ ಒಂದೇ ಅಳತೆಯದಲ್ಲವಲ್ಲ! ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ ಪ್ರತಿ ರೋಗಿಯ ಎಫ್‌ಎಂಆರ್‌ಐ ನೋಡಿ ಗುರಿ ನಿಗದಿ ಮಾಡಿ, ದಿನಕ್ಕೆ ಹತ್ತು ಸಲದಂತೆ ಐದು ದಿನ ಚಿಕಿತ್ಸೆ ಕೊಟ್ಟಿತು. 29 ಮಂದಿಯ ಈ ಪ್ರಯೋಗದಲ್ಲಿ ನಿಜವಾದ ಚಿಕಿತ್ಸೆ ಪಡೆದವರ ಖಿನ್ನತೆಯ ಅಂಕ ನಾಲ್ಕು ವಾರಗಳ ಬಳಿಕ ಸರಾಸರಿ ಶೇ 52ರಷ್ಟು ಇಳಿದಿತ್ತು, ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 11ರಷ್ಟು. 2022ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಅನುಮತಿ ಕೊಟ್ಟಿತು.

ಇಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಫಲ ಕೊಟ್ಟದ್ದು ಎಫ್‌ಎಂಆರ್‌ಐ ನೋಡಿ ಇಟ್ಟ ಗುರಿಯೋ, ದಿನಕ್ಕೆ ಹತ್ತು ಸಲದ ದೊಡ್ಡ ಪ್ರಮಾಣವೋ? ಬ್ರಿಟನ್ನಿನಲ್ಲಿ 255 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗ ಈ ಚರ್ಚೆಗೆ ಮುಖ್ಯವಾದದ್ದು. ಒಂದು ಗುಂಪಿಗೆ ಮಿದುಳಿನ ಸಂಪರ್ಕಗಳ ಎಫ್‌ಎಂಆರ್‌ಐ ನೋಡಿ ಗುರಿಯಿಟ್ಟರು. ಇನ್ನೊಂದಕ್ಕೆ ಸಾಮಾನ್ಯ ಎಂಆರ್‌ಐ ನೋಡಿ ಗುರಿಯಿಟ್ಟರು. ಮಿಡಿತದ ಮಾದರಿಯೂ ಬೇರೆಯಿತ್ತು. ಎರಡೂ ಗುಂಪುಗಳು ಸುಧಾರಿಸಿದವು, ಅವುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಬರಲಿಲ್ಲ. ಟಿಎಂಎಸ್ ಉಪಯುಕ್ತ ಎಂಬುದು ಬೇರೆ, ಅದಕ್ಕೆ ದುಬಾರಿ ಚಿತ್ರದ ಮಾರ್ಗದರ್ಶನ ಬೇಕೇಬೇಕು ಎಂಬುದು ಬೇರೆ. ಎರಡನೆಯದು ಇನ್ನೂ ಸಾಬೀತಾಗಿಲ್ಲ.

ಹಾಗಾದರೆ ಮನೋವೈದ್ಯರು ಕೆಲವೊಮ್ಮೆ ಸ್ಕ್ಯಾನ್ ಬರೆದುಕೊಡುವುದೇಕೆ?

ಬೇರೆ ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಳ್ಳಲು. ಅರವತ್ತು ದಾಟಿದ ಮೇಲೆ ಮೊದಲ ಬಾರಿಗೆ ನಡವಳಿಕೆ ಬದಲಾದರೆ, ಜೊತೆಗೆ ಫಿಟ್ಸ್, ಹೊಸ ತಲೆನೋವು, ಕೈಕಾಲಿನ ನಿಶ್ಶಕ್ತಿ, ತಲೆಗೆ ಪೆಟ್ಟು ಇದ್ದರೆ, ಗಡ್ಡೆಯೋ ಸೋಂಕೋ ಪಾರ್ಶ್ವವಾಯುವೋ ಹಿಂದಿರಬಹುದು. ಆಗ ಸಿಟಿ ಅಥವಾ ಎಂಆರ್‌ಐ ಅಗತ್ಯ. ಅದರಲ್ಲಿ "ನಾರ್ಮಲ್" ಎಂದು ಬಂದರೆ ಅದರರ್ಥ ಗಡ್ಡೆಯಂಥವು ಇಲ್ಲ ಎಂದು. ಕಾಯಿಲೆಯೇ ಇಲ್ಲ ಎಂದಲ್ಲ. ಅರೆತಲೆನೋವಿನಿಂದ ಕಣ್ಣು ತೆರೆಯಲಾಗದೆ ಮಲಗಿದವರ ಸ್ಕ್ಯಾನೂ ಸಾಮಾನ್ಯವಾಗಿ ನಾರ್ಮಲ್ ಆಗಿಯೇ ಬರುತ್ತದೆ. ಅವರ ನೋವನ್ನು ನಾಟಕ ಎನ್ನುತ್ತೇವೆಯೇ?

ಮುಕ್ಕಾಲು ಗಂಟೆಯ ಆ ಮಾತುಕತೆಯೂ ಒಂದು ಪರೀಕ್ಷೆಯೇ. ನಿದ್ದೆ, ಹಸಿವು, ಆಸಕ್ತಿ, ಸಾಯುವ ಯೋಚನೆ, ಎಷ್ಟು ವಾರಗಳಿಂದ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂಬ ಒಂದೊಂದು ಪ್ರಶ್ನೆಗೂ ಉದ್ದೇಶವಿದೆ. ಇವತ್ತಿನ ಮಟ್ಟಿಗೆ ಖಿನ್ನತೆಯನ್ನು ಗುರುತಿಸಲು ಯಾವ ಬಣ್ಣದ ಚಿತ್ರಕ್ಕಿಂತಲೂ ಅದೇ ಹೆಚ್ಚು ನಂಬಬಹುದಾದ ದಾರಿ.

ಸ್ಕ್ಯಾನ್‌ಗೆ ಮುನ್ನ ಕೇಳಬೇಕಾದ ಪ್ರಶ್ನೆಗಳು

- ಈ ಸ್ಕ್ಯಾನ್ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ?
- ಫಲಿತಾಂಶ ಹೀಗೆ ಬಂದರೆ ಯಾವ ಚಿಕಿತ್ಸೆ, ಹಾಗೆ ಬಂದರೆ ಯಾವ ಚಿಕಿತ್ಸೆ? ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಸ್ಕ್ಯಾನ್ ಬೇಕೇ?
- "ನಾರ್ಮಲ್" ಎಂದು ಬಂದರೆ ಅದರಿಂದ ಏನು ತಿಳಿಯುತ್ತದೆ, ಏನು ತಿಳಿಯುವುದಿಲ್ಲ?
- ವಿಕಿರಣ ಇದೆಯೇ? ಗರ್ಭಿಣಿಯಾಗಿದ್ದರೆ, ಎದೆಹಾಲು ಕುಡಿಸುತ್ತಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಮೈಯೊಳಗೆ ಪೇಸ್‌ಮೇಕರ್‌ನಂಥ ಸಾಧನವಿದ್ದರೆ ಮೊದಲೇ ಹೇಳಿ.

ಫಿಟ್ಸ್‌ನ ಮೂಲ ಹುಡುಕುವ ಶಸ್ತ್ರಚಿಕಿತ್ಸಕನಿಗೆ ಈ ಪ್ರಶ್ನೆಗಳಿಗೆ ಥಟ್ಟನೆ ಉತ್ತರ ಸಿಗುತ್ತದೆ. ಖಿನ್ನತೆಗೆ ಬಣ್ಣದ ಚಿತ್ರ ತೆಗೆಯುತ್ತೇವೆ ಎನ್ನುವವರಿಗೆ ಸಿಗುವುದಿಲ್ಲ. ವ್ಯತ್ಯಾಸ ಇಷ್ಟೇ.

ಮನೆಯಲ್ಲಿ ಯಾರಾದರೂ ವಾರಗಟ್ಟಲೆ ಮಂಕಾಗಿದ್ದರೆ ಸ್ಕ್ಯಾನಿಗಾಗಿ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಆ ಮಗನ ಕಾಯಿಲೆ ಯಾವ ಚಿತ್ರದಲ್ಲೂ ಕಾಣದೇ ಇರಬಹುದು. ಅವನು ಹೇಳಿದರೆ ಕೇಳಿಸಿಕೊಳ್ಳಲು ಚಿತ್ರ ಬೇಕಿಲ್ಲ.